ಹೆಸರಿಲ್ಲದ ರೋಗಕ್ಕೆ ಲೆಕ್ಕವಿಲ್ಲ

ಕಾಸರಗೋಡು ಜಿಲ್ಲೆಯ ಪಡ್ರೆ ನಮ್ಮ ಇಸಳೂರು, ಶಿರಸಿ ಸೀಮೆಯಂತೆಯೇ ಗುಡ್ಡ, ಹಳ್ಳ, ಅಡಿಕೆ ತೋಟಗಳ ಕನ್ನಡದ ಊರು. ಅಲ್ಲಿನ ಗುಡ್ಡಗಳ ಗೇರು ತೋಪುಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಕೇರಳದ ಸರಕಾರಿ ಪ್ಲಾಂಟೇಶನ್ ನಿಗಮವು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀಪಡ್ರೆಯವರು 1979ರಲ್ಲಿಯೇ ಬರೆದಿದ್ದರು. ಮಕ್ಕಳಲ್ಲಿ ಕಂಡ ವೈಕಲ್ಯವನ್ನು ಊರು ದೈವದ ಮುನಿಸೆಂದು ನಂಬಿ ಮೌನವಾಗಿ ಸಹಿಸಿತು. ಸ್ಥಳೀಯ ವೈದ್ಯ ಡಾ. ವೈ.ಎಸ್. ಮೋಹನಕುಮಾರರು ತಮ್ಮ ರೋಗಿಗಳ ವಿವರಗಳನ್ನು ಕಲೆಹಾಕಿದ ಮೇಲೆಯೇ ಆ ಸಂಕಟಕ್ಕೆ ವೈದ್ಯಕೀಯ ಹೆಸರುಗಳು ದೊರೆತವು.

ಆ ಹೆಸರುಗಳನ್ನು ನಾವೂ ಅರಿಯಬೇಕು. ಮಿದುಳಿನ ದ್ರವ ಹರಿದುಹೋಗದೆ ತುಂಬಿ ಶಿಶುವಿನ ತಲೆ ಹಿಗ್ಗುವುದು ಹೈಡ್ರೋಸೆಫಲಸ್, ಅಂದರೆ ಜಲಶೀರ್ಷ. ಮಿದುಳು ಬೆಳೆಯದೆ ತಲೆ ಕಿರಿದಾಗುವುದು ಮೈಕ್ರೋಸೆಫಲಿ. ಭ್ರೂಣದ ನರಕೊಳವೆಯು ಬೆನ್ನಿನ ಭಾಗದಲ್ಲಿ ಮುಚ್ಚಿಕೊಳ್ಳದಿದ್ದರೆ ಸ್ಪೈನಾ ಬೈಫಿಡಾ. ತಲೆಯ ಭಾಗದಲ್ಲಿ ತೆರೆದೇ ಉಳಿದರೆ ಅನೆನ್ಸೆಫಲಿ, ಅಂಥ ಶಿಶು ಬದುಕಿ ಉಳಿಯದು. ಈ ಕೊಳವೆ ಮುಚ್ಚಿಕೊಳ್ಳುವುದು ಗರ್ಭಾಂಕುರದ ಮೊದಲ 28 ದಿನಗಳಲ್ಲಿ. ತಾನು ಗರ್ಭಿಣಿಯೆಂಬುದು ಆಗ ತಾಯಿಗೇ ತಿಳಿದಿರುವುದಿಲ್ಲ. ಆಕೆ ತೋಟದ ಕೆಲಸದಲ್ಲಿಯೇ ಇರುತ್ತಾಳೆ.

ಇಂಥ ಪ್ರತಿಯೊಂದು ಶಿಶುವಿನ ಸ್ಥಿತಿಗೂ ವಿಷವೇ ಕಾರಣವೆನ್ನುವುದು ಸರಿಯಲ್ಲ. ಫೋಲಿಕ್ ಆಮ್ಲದ ಕೊರತೆ, ವಂಶವಾಹಿ, ಸೋಂಕು ಇವೂ ಕಾರಣಗಳೇ. ಗರ್ಭಧಾರಣೆಗೆ ಮುನ್ನವೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸುವುದರಿಂದ ನರಕೊಳವೆಯ ಬಹಳಷ್ಟು ದೋಷಗಳನ್ನು ತಡೆಯಬಹುದು. ಒಂದೇ ಮನೆಯನ್ನು ನೋಡಿದರೆ ಕಾರಣ ತಿಳಿಯದು. ಊರಿನ ಲೆಕ್ಕ ನೋಡಿದಾಗ ತಿಳಿದೀತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು 2001ರಲ್ಲಿ ಪಡ್ರೆಯ ಮಕ್ಕಳನ್ನು ಸಿಂಪಡಣೆಯಿಲ್ಲದ ಊರಿನ ಮಕ್ಕಳೊಡನೆ ಹೋಲಿಸಿದ್ದರಿಂದಲೇ ಎಂಡೋಸಲ್ಫಾನಿನತ್ತ ಬೆರಳು ತೋರಲು ಸಾಧ್ಯವಾಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಿಷೇಧಿಸಿತು. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡಲು ಆದೇಶಿಸಿತು. ಪಟ್ಟಿಯಲ್ಲಿ ಹೆಸರಿದ್ದವರಿಗಷ್ಟೇ ಆ ಹಣ.

ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿಯೂ ಎಂಡೋಸಲ್ಫಾನ್ ಸಂತ್ರಸ್ತರಿದ್ದಾರೆ. ಘಟ್ಟದ ಮೇಲಿನ ನಾವು ನಿಶ್ಚಿಂತರಾಗಿರುವುದು ತರವಲ್ಲ. ಒಂದು ವಿಷ ಹೋದಲ್ಲಿ ಇನ್ನೊಂದು ಬರುತ್ತದೆ. ಯಾವ ತೋಟಕ್ಕೆ ಯಾವ ಔಷಧಿ, ಯಾವ ದಿನ ಎಂಬುದು ಪಂಚಾಯತಿಯ ದಾಖಲೆಗೆ ಬರಲಿ. ಸತ್ತು ಹುಟ್ಟಿದ ಶಿಶುವೂ ಸೇರಿದಂತೆ ಪ್ರತಿಯೊಂದು ಜನ್ಮಜಾತ ದೋಷವೂ ಅದರ ಸರಿಯಾದ ಹೆಸರಿನಲ್ಲಿ ಆರೋಗ್ಯ ಕೇಂದ್ರದ ವಹಿಯಲ್ಲಿ ನಮೂದಾಗಲಿ. ಇವೆರಡೂ ಪುಸ್ತಕಗಳನ್ನು ಮುಂದಿನ ಗ್ರಾಮಸಭೆಯಲ್ಲಿ ಕೇಳೋಣ.