ಗಿಟಾರಿನ ಜೊತೆ ಮರದ ನಂಬರೂ ಹೋಗಲಿ

ಹಳೇ ಮಾದರಿಯ ಅಕೂಸ್ಟಿಕ್ ಗಿಟಾರ್‌ಗಳನ್ನು ‘ಲಿಮಿಟೆಡ್ ಎಡಿಷನ್’ ಎಂದು ಮಾರುವಾಗ ಒಳಗೊಂದು ಚೀಟಿ ಅಂಟಿಸುತ್ತಾರೆ. ಒಟ್ಟು ಎಷ್ಟು ಮಾಡಿದರು, ಇದು ಎಷ್ಟನೆಯದು ಎಂಬುದೆಲ್ಲ ಅದರಲ್ಲಿರುತ್ತದೆ. ಮರದ ಬಗ್ಗೆ ಮಾತ್ರ ‘ಇಂಡಿಯನ್ ರೋಸ್‌ವುಡ್’ ಎಂದಷ್ಟೇ ಬರೆದಿರುತ್ತದೆ. ಆ ಬೀಟೆ ಯಾವ ಸೀಮೆಯದು ಎಂದು ತಿಳಿಸದೆ ಅಂಥ ಗಿಟಾರ್ ಮಾರಬಾರದು ಎಂಬುದು ನನ್ನ ವಾದ.

ನಾನು ಹಳಿಯಾಳದ ಬಡಗಿ. ದಾಂಡೇಲಿ ಡಿಪೋದ ಹರಾಜಿನಲ್ಲಿ ಪ್ರತಿ ನಾಟಾಕ್ಕೂ ನಂಬರ್ ಇರುತ್ತದೆ. ಉದ್ದ, ಸುತ್ತಳತೆ ಪಟ್ಟಿಯಲ್ಲಿರುತ್ತವೆ. ಸಾಗಿಸಲು ಪಾಸ್ ಬೇಕು. ಜೋಯಿಡಾದ ರೈತ ತನ್ನ ಮಾಲ್ಕಿ ಜಮೀನಿನ ಬೀಟೆ ಕಡಿಯಬೇಕಾದರೂ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಇಲ್ಲಿ ಇಷ್ಟು ಲೆಕ್ಕ ಕೊಟ್ಟು ಹೊರಟ ಮರ ಶೋರೂಮ್ ಸೇರುವಾಗ ಊರಿಲ್ಲದ್ದಾಗುತ್ತದೆ.

ಹಳೇ ಮಾದರಿಯ ಗಿಟಾರ್‌ಗಳಿಗೆ ಈ ಪ್ರಶ್ನೆ ಇನ್ನೂ ಮುಖ್ಯ. ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಹೆಸರಾಂತ ಡಿ-28 ಗಿಟಾರಿಗೆ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿತ್ತು. ಬ್ರೆಜಿಲ್ ದಿಮ್ಮಿಗಳ ರಫ್ತಿಗೆ ತಡೆಹಾಕಿದ ಮೇಲೆ, 1969ರ ಕೊನೆಗೆ, ಕಂಪನಿ ಭಾರತದ ಬೀಟೆಗೆ ಬಂತು. 1992ರಲ್ಲಿ ಬ್ರೆಜಿಲ್ ಮರ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿ ಸೇರಿತು. ಅಲ್ಲಿ ಮರ ಮುಗಿಯುತ್ತ ಬಂದಾಗ ಭಾರ ಬಿದ್ದದ್ದು ನಮ್ಮ ಬೀಟೆಯ ಮೇಲೆ. ಗಿಟಾರಿನ ಬೆನ್ನಿಗೆ ಒಂದೇ ಹಲಗೆಯಿಂದ ಸೀಳಿದ ಎರಡು ಅಗಲವಾದ ತೆಳು ಪಟ್ಟಿ ಬೇಕು. ಅಷ್ಟು ಅಗಲ, ನೇರ ಎಳೆ ಸಿಗುವುದು ದಪ್ಪ ಬುಡದ ಹಳೇ ಮರದಲ್ಲಿ. ನಿಧಾನವಾಗಿ ಬೆಳೆಯುವ ಬೀಟೆ ಈಗ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಪಾಯದ ಅಂಚಿನಲ್ಲಿದೆ.

2017ರ ಜನವರಿಯಿಂದ ಬೀಟೆಯ ವಸ್ತು ಗಡಿ ದಾಟಿ ಮಾರಾಟವಾಗಬೇಕಾದರೆ ಸೈಟಿಸ್ ಕಾಗದ ಕಡ್ಡಾಯವಾಯಿತು. 2019ರ ನವೆಂಬರ್‌ನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ವಾದಕರಿಗೂ ಕುಶಲಕರ್ಮಿಗಳಿಗೂ ಅದು ಬೇಕಿತ್ತು, ನಾನು ಒಪ್ಪುತ್ತೇನೆ. ಆದರೆ ಕಾನೂನು ಕೇಳದಿದ್ದರೂ ಮಾರುವವರು ಮರದ ಮೂಲ ಹೇಳಬೇಕು.

ದಿಮ್ಮಿ ಕೊಯ್ದ ಮೇಲೆ ಗುರುತು ಉಳಿಯುವುದಿಲ್ಲ ಎನ್ನುವವರಿದ್ದಾರೆ. ಆದರೆ ಗಿಟಾರ್ ಮಾಡುವವರು ಒಂದೇ ಹಲಗೆಯ ಜೋಡಿ ಬೇರ್ಪಡದಂತೆ ಹೇಗೂ ಜೋಪಾನ ಮಾಡುತ್ತಾರೆ. ಆ ಜೋಡಿಯ ಮೇಲೆ ಸಾ ಮಿಲ್ಲಿನಲ್ಲೇ ದಿಮ್ಮಿಯ ನಂಬರ್ ಬರೆದರೆ ಸಾಕು. ಚೀಟಿಯಲ್ಲಿ ಡಿಪೋದ ಹೆಸರು, ಹರಾಜಿನ ವರ್ಷ ಬರಲಿ. ತೋಟದ ನೆರಳಿನ ಮರವಾದರೆ ಜಿಲ್ಲೆಯ ಹೆಸರು ಬರಲಿ. ಹಳೇ ಗಿಟಾರ್ ಮಾರುವವರು ಮರ ಬ್ರೆಜಿಲ್‌ನದೋ ಭಾರತದ್ದೋ ಎಂಬುದನ್ನು ಮೊದಲೇ ತಿಳಿಸಲಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆಯಲಿ. ಕೊಳ್ಳುವವರು ದನಿ ಕೇಳಿ ನೋಡುವಾಗ ಮರದ ಊರನ್ನೂ ಕೇಳಲಿ. ಅಪರೂಪದ್ದು ಎಂದು ಲಕ್ಷಗಟ್ಟಲೆ ಬೆಲೆ ಹೇಳುವವರಿಗೆ ಇನ್ನೊಂದು ಸಾಲು ಬರೆಯುವುದು ಹೊರೆಯಲ್ಲ.