ಬಚ್ಚಲ ಕತ್ತಲೆಗೆ ದೀಪ

ನಿಟ್ಟೂರಿನ ನಮ್ಮ ಹಳೆಯ ಮನೆಯ ಬಚ್ಚಲ ನೀರು ಹಿತ್ತಲಿನ ಬಾಳೆಯ ಬುಡಕ್ಕೆ ಹರಿಯುತ್ತಿತ್ತು. ತೆರೆದ ಕಾಲುವೆ, ಮೇಲೆ ಬಿಸಿಲು. ಬಿಸಿಲಿಗೆ ಸೂಕ್ಷ್ಮಾಣುಗಳನ್ನು ಕೊಲ್ಲುವ ಶಕ್ತಿಯುಂಟೆಂದು ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ 1877ರಲ್ಲಿ ತೋರಿಸಿಕೊಟ್ಟರು. ನಮ್ಮಜ್ಜಿ ಆ ಹೆಸರುಗಳನ್ನು ಕೇಳಿದವಳಲ್ಲ, ಹಾಲಿನ ಪಾತ್ರೆಯನ್ನು ಬಿಸಿಲಿಗಿಟ್ಟು ಒಣಗಿಸುವುದನ್ನು ಮಾತ್ರ ಒಂದು ದಿನವೂ ತಪ್ಪಿಸಿದವಳಲ್ಲ.

ಆಸ್ಪತ್ರೆಯ ಕೈತೊಳೆಯುವ ತೊಟ್ಟಿಗೆ ಈ ಭಾಗ್ಯವಿಲ್ಲ. ದುರ್ವಾಸನೆಯನ್ನು ತಡೆಯಲೆಂದು ಅದರ ಕೆಳಗಿನ ಬಾಗುಕೊಳವೆಯಲ್ಲಿ ಸದಾ ನೀರು ನಿಂತಿರುತ್ತದೆ. ಆ ಕತ್ತಲೆಯಲ್ಲಿ ಸೂಕ್ಷ್ಮಾಣುಗಳು ಲೋಳೆಯ ಪೊರೆ ಕಟ್ಟಿಕೊಂಡು ಮೆಲ್ಲನೆ ಮೇಲೇರುತ್ತವೆ. ನಲ್ಲಿಯ ಧಾರೆ ನೇರವಾಗಿ ರಂಧ್ರಕ್ಕೆ ಬಿದ್ದರೆ ಹನಿಗಳೊಡನೆ ಅವೂ ಸಿಡಿಯುತ್ತವೆ. ಕೆನಡಾದ ಟೊರಾಂಟೊ ನಗರದ ಆಸ್ಪತ್ರೆಯೊಂದರಲ್ಲಿ 2004ರಿಂದ 2006ರವರೆಗೆ 36 ರೋಗಿಗಳಿಗೆ ಸ್ಯೂಡೊಮೊನಾಸ್ ತಗುಲಿದ ಪ್ರಕರಣದ ಮೂಲ ಇಂಥ ತೊಟ್ಟಿಗಳೇ; ಹನಿಗಳು ಒಂದು ಮೀಟರಿನಷ್ಟು ದೂರ ಸಿಡಿಯುತ್ತಿದ್ದುವು.

ಈಗ ಕೊಳವೆಯ ಬಾಯಲ್ಲೇ ಅತಿನೇರಳೆ ದೀಪವನ್ನಿಡುವ ಉಪಾಯ ಬಂದಿದೆ. ಸುಮಾರು 254 ನ್ಯಾನೋಮೀಟರಿನ ಈ ಕಿರಣ (ನೆಲಕ್ಕೆ ಬೀಳುವ ಬಿಸಿಲಿನಲ್ಲಿ ಇದಿಲ್ಲ, ವಾಯುಮಂಡಲವೇ ತಡೆಯುತ್ತದೆ) ಸೂಕ್ಷ್ಮಾಣುವಿನ ವಂಶತಂತುವನ್ನೇ ಕೆಡಿಸುತ್ತದೆ. ಸ್ವಾಗತಾರ್ಹವೇ ಸರಿ. ಆದರೆ ಬೆಳಕು ಕೊಳವೆಯಂತೆ ಬಾಗದು. ದಪ್ಪ ಲೋಳೆಯ ಮರೆಯಲ್ಲಿರುವುದು ಬದುಕುತ್ತದೆ. ದೀಪಕ್ಕೇ ಕೊಳೆ ಹಿಡಿದರೆ ಕಿರಣವೂ ಕುಂದುತ್ತದೆ.

ಹಿಂದೊಮ್ಮೆ ತಾಯಿಯ ಶುಶ್ರೂಷೆಗೆಂದು ಆಸ್ಪತ್ರೆಯೊಂದರಲ್ಲಿದ್ದಾಗ, ಉಳಿದ ಗಂಜಿಯನ್ನು ನಾನೇ ಅಂಥ ತೊಟ್ಟಿಗೆ ಸುರಿದೆ. ಎಂ.ಎ. ಓದಿದವನು! ಸೂಕ್ಷ್ಮಾಣುಗಳಿಗೆ ಅದು ಮೃಷ್ಟಾನ್ನವೆಂದು ಹೊಳೆಯಲಿಲ್ಲ. ಬೇರೆಲ್ಲಿ ಚೆಲ್ಲಬೇಕೆಂದು ಹೇಳುವವರೂ ಇರಲಿಲ್ಲ. ದೀಪಕ್ಕೆ ಹಣ ಕೂಡಿಸುವ ಮುನ್ನ ಆಸ್ಪತ್ರೆಗಳು ಪ್ರತಿ ವಾರ್ಡಿನಲ್ಲಿಯೂ ಗಂಜಿ ಚೆಲ್ಲಲು ಬೇರೊಂದು ಬಚ್ಚಲನ್ನು ತೋರಿಸಲಿ, ನಲ್ಲಿಯ ಧಾರೆಯನ್ನು ರಂಧ್ರದಿಂದ ನಾಲ್ಕು ಬೆರಳು ಪಕ್ಕಕ್ಕೆ ಸರಿಸಲಿ. ದೀಪ ಆಮೇಲೆ ಬರಲಿ.