ವಾಲಗದವರ ಸಂಭಾವನೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಅರ್ಹರಾದವರು ಇರುವರೆಂದು ತಿಳಿಸಿ, ಬಹುಕಾಲದಿಂದ ಮನಸ್ಸಿನಲ್ಲಿದ್ದ ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ನಮ್ಮವರ ಮದುವೆ, ಗೃಹಪ್ರವೇಶ, ಚೌಡೇಶ್ವರಿ ಅಮ್ಮನವರ ಹಬ್ಬ ಇವೆಲ್ಲವೂ ವಾಲಗದ ಸದ್ದಿನೊಂದಿಗೇ ಆರಂಭವಾಗಬೇಕು. ಸಂಗೀತವು ದೈವದತ್ತವೆಂದು ವೇದಿಕೆಯ ಮೇಲೆ ಹೊಗಳುವ ಮಹನೀಯರೇ ಹಣದ ಮಾತು ಬಂದಾಗ ತರಕಾರಿ ಮಂಡಿಯಲ್ಲಿ ನಿಂತವರಂತೆ ಚೌಕಾಸಿಗೆ ಇಳಿಯುವುದನ್ನು ಕಂಡಿದ್ದೇನೆ.

ಕೋಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಒಂದು ಮೇಳವೆಂದರೆ ಸಾಮಾನ್ಯವಾಗಿ ಎರಡು ನಾಗಸ್ವರ, ಇಲ್ಲಿಯವರು ತವಿಲ್ ಎನ್ನುವ ಎರಡು ಡೋಲು, ತಾಳ ಮತ್ತು ಶ್ರುತಿ. ವೀಳ್ಯದೊಡನೆ ಮುಂಗಡ ಪಡೆಯುವವರು ಮೇಳದ ಹಿರಿಯರು. ಒಪ್ಪಿದ ಮೊತ್ತದಲ್ಲಿ ವಾಹನದ ಬಾಡಿಗೆ ಕಳೆದು, ಜೊತೆಗಾರರಿಗೆ ಪಾಲು ಹಂಚಿ, ಮಿಕ್ಕದ್ದು ಅವರದು. ಮದುವೆ ಮನೆಯವರು ಬಾಕಿ ನಿಲ್ಲಿಸಿದರೆ ಜೊತೆಗಾರರಿಗೆ ಕೈಯಿಂದ ಕೊಡಬೇಕಾದವರೂ ಅವರೇ. ಕೊಡದಿದ್ದರೆ ಮುಂದಿನ ಮುಹೂರ್ತಕ್ಕೆ ಡೋಲಿನವರು ಬೇರೆ ಮೇಳದಲ್ಲಿರುತ್ತಾರೆ. ವಾದ್ಯದ ಖರ್ಚು ಪ್ರತ್ಯೇಕ. ಜೊಂಡಿನಿಂದ ಮಾಡಿದ ಸೀವಾಳಿ ಬೇಗ ಸವೆಯುತ್ತದೆ. ಡೋಲಿನ ಚರ್ಮವನ್ನು ಆಗಾಗ್ಗೆ ಬದಲಾಯಿಸಬೇಕು. ಒಳ್ಳೆಯ ನಾಗಸ್ವರ ಬೇಕಾದರೆ ಕುಂಭಕೋಣದ ಬಳಿಯ ನರಸಿಂಗಂಪೇಟೆಗೇ ಹೋಗಬೇಕು. ಆ ಊರಿನ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತದ್ದು ಸಂತೋಷದ ಸಂಗತಿಯೇ ಸರಿ, ಆದರೆ ಕೊಳ್ಳುವವನ ಕೈಗೆ ಅದರಿಂದ ಹಣ ಬರಲಿಲ್ಲ.

ಆಡಿ, ಪುರಟ್ಟಾಸಿ, ಮಾರ್ಗಳಿ ಮಾಸಗಳಲ್ಲಿ ಈ ಕಡೆ ಮದುವೆಗಳು ನಡೆಯುವುದು ಅಪರೂಪ. ದೇವಸ್ಥಾನದ ಸೇವೆಯುಳ್ಳವರು ಹೇಗೋ ದಿನ ನೂಕುತ್ತಾರೆ; ಉಳಿದವರು ವೈಕಾಸಿ, ಆವಣಿ, ತೈ ಮಾಸಗಳ ಗಳಿಕೆಯಲ್ಲೇ ವರ್ಷವನ್ನು ಸಾಗಿಸಬೇಕು. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಮುಹೂರ್ತದ ಕಾಲವೇ ಮುಚ್ಚಿಹೋದಾಗ, ನಾನು ಬಲ್ಲ ಡೋಲಿನವರೊಬ್ಬರು ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಚೆಕಿಂಗ್ ಕೆಲಸಕ್ಕೆ ಸೇರಿದರು. ವಾರದ ಕೂಲಿ ತಪ್ಪದೆ ಬರುತ್ತದೆಂದು ಇಂದಿಗೂ ಅಲ್ಲಿಯೇ ಇದ್ದಾರೆ. ಇತ್ತ ಪಾಲಕ್ಕಾಡು ಹತ್ತಿರವಾದುದರಿಂದ ಮೆರವಣಿಗೆಗಳನ್ನು ಚೆಂಡೆ ಮೇಳದವರು ಹಿಡಿದಿದ್ದಾರೆ. ಅವರೂ ಕಲಾವಿದರೇ, ಅವರ ಮೇಲೆ ನನಗೆ ದೂರಿಲ್ಲ. ಗುಂಡಿ ಒತ್ತಿದರೆ ತಾನೇ ಗಂಟೆ, ನಗಾರಿ ಬಾರಿಸುವ ಯಂತ್ರವನ್ನು ದೇವಸ್ಥಾನದಲ್ಲಿ ಕೂರಿಸಿದವರ ಮೇಲೆ ಮಾತ್ರ ಇದೆ.

ಹಣದ ಲೆಕ್ಕವಿಡುವುದು ವಿದ್ವತ್ತಿಗೆ ಕುಂದೆಂದು ಭಾವಿಸುವವರು ಬೆಂಗಳೂರು ನಾಗರತ್ನಮ್ಮನವರನ್ನು ನೆನೆಯಬೇಕು. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಮದರಾಸಿನಲ್ಲಿ ನೆಲೆಸಿದ ಆ ತಾಯಿ ತಮ್ಮ ಕಚೇರಿಗಳಿಗೆ ಪಟ್ಟಿ ಇಟ್ಟಿದ್ದರು: 1905ರಿಂದ 1934ರವರೆಗೆ 146 ಊರುಗಳಲ್ಲಿ 1235 ಕಚೇರಿಗಳು. ಗಳಿಕೆಗೆ ಆದಾಯ ತೆರಿಗೆಯನ್ನೂ ಕಟ್ಟಿದರು. ಅದೇ ಗಳಿಕೆಯಿಂದಲೇ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಎದ್ದಿತು. ಸಂಭಾವನೆಯನ್ನು ಕೇಳಿ ಪಡೆಯದಿದ್ದರೆ ಆ ಗುಡಿ ಎಲ್ಲಿಂದ ಬರುತ್ತಿತ್ತು?

ನಮ್ಮ ಸಂಘಗಳ ರೀತಿ ಬೇರೆ. ಕೆಲವು ವರ್ಷಗಳ ಹಿಂದೆ ಒಂದು ಹಬ್ಬದಲ್ಲಿ, ಊರಿನ ಹೆಸರು ಬೇಡ, ಮೂರು ದಿನ ನುಡಿಸಿದ ಹಿರಿಯರೊಬ್ಬರು ಖಜಾಂಚಿಯವರ ಮುಂದೆ ನಿಂತು, “ಸ್ವಾಮಿ, ಹುಡುಗರು ಬಸ್ಸಿಗೆ ಕಾಯುತ್ತಿದ್ದಾರೆ” ಎಂದರು. “ಅಮ್ಮನ ಸೇವೆಗೆ ಲೆಕ್ಕ ಹಾಕುತ್ತೀರಾ? ನಾಳೆ ಬನ್ನಿ” ಎಂಬ ಉತ್ತರ ಬಂತು. ಶಾಮಿಯಾನದವನಿಗೂ ಅಡುಗೆಯವನಿಗೂ ಅಂದೇ ಹಣ ಸಂದಿತ್ತು. ಇತ್ತೀಚೆಗೆ ಹೊಸ ನೆಪವೊಂದು ಸೇರಿದೆ: ಜಿ.ಎಸ್.ಟಿ. ಬಿಲ್ಲು ತಂದರೆ ಮಾತ್ರ ಹಣವಂತೆ! 2017ರಿಂದಲೇ ಶಾಸ್ತ್ರೀಯ ಹಾಗೂ ಜಾನಪದ ಸಂಗೀತವನ್ನು ನುಡಿಸುವ ಕಲಾವಿದರಿಗೆ, ಕಾರ್ಯಕ್ರಮದ ಸಂಭಾವನೆ 1.5 ಲಕ್ಷ ರೂಪಾಯಿಯನ್ನು ಮೀರದಿದ್ದರೆ, ಆ ತೆರಿಗೆಯಿಂದ ವಿನಾಯಿತಿ ಇದೆ. ಒಂದು ಸಾದಾ ರಸೀದಿ ಸಾಕು.

ವಾದ್ಯದವರೂ ಬಾಯಿಮಾತಿಗೆ ಒಪ್ಪಿಕೊಳ್ಳುವುದನ್ನು ಬಿಡಬೇಕೆಂದು ನನ್ನ ಅಭಿಪ್ರಾಯ. ದಿನಾಂಕ, ಎಷ್ಟು ಜನ, ಎಷ್ಟು ಹೊತ್ತು, ಊಟ, ಪ್ರಯಾಣ, ಮುಂಗಡ, ಬಾಕಿ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಉಭಯತರರೂ ರುಜು ಹಾಕಿದರೆ ಅದರಲ್ಲಿ ಅವಮಾನವೇನೂ ಇಲ್ಲ. ನಮ್ಮಲ್ಲಿ ಕಲಿತ ಮಕ್ಕಳು ಇಂದು ಇಂತಹ ಸಮಿತಿಗಳಲ್ಲಿ ಕಾರ್ಯದರ್ಶಿಗಳಾಗಿದ್ದಾರೆ, ಕಲ್ಯಾಣ ಮಂಟಪಗಳ ಒಡೆಯರೂ ಆಗಿದ್ದಾರೆ. ಅವರಿಗೆ ಈ ಹಾಳೆಯನ್ನು ಬರೆಯುವುದು ಕಷ್ಟವಲ್ಲ. ಶಾಲು, ಹಾರ, ಫಲತಾಂಬೂಲಗಳು ಸಂಭಾವನೆಯ ಜೊತೆಗೆ ಇರಲಿ, ಅದರ ಬದಲಿಗೆ ಬೇಡ.

ಈ ಸಂಚಿಕೆಯ ಬಿಡುಗಡೆಯ ದಿನ ನಮ್ಮ ವೇದಿಕೆಯಲ್ಲಿ ನುಡಿಸಲಿರುವ ಮೇಳದವರಿಗೆ ಅರ್ಧ ಮೊತ್ತ ಮುಂಗಡವಾಗಿ ಸಂದಿದೆ. ಉಳಿದರ್ಧವನ್ನು ಮಂಗಳ ನುಡಿಸಿದ ಕೂಡಲೇ, ಅತಿಥಿಗಳ ಊಟಕ್ಕೆ ಮುಂಚೆ, ಹಿರಿಯರ ಕೈಗೆ ಕೊಡಬೇಕೆಂದು ಖಜಾಂಚಿಯವರನ್ನು ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ.